ಓದುಗರ ಪ್ರಶ್ನೆ: ಅಮೆರಿಕದ ನಗರಗಳು ಮತ್ತೆ ಮತ್ತೆ ಹೊತ್ತಿ ಉರಿದದ್ದೇಕೆ?

ಪೊಲೀಸರ ದೌರ್ಜನ್ಯದ ವಿರುದ್ಧ ಅಮೆರಿಕದ ಕಪ್ಪು ಜನ ಬೀದಿಗಿಳಿದ ಘಟನೆಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: 1965ರಲ್ಲಿ ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯಲ್ಲಿ ಕುಡಿದು ಕಾರು ಓಡಿಸುತ್ತಿದ್ದವನೊಬ್ಬನನ್ನು ಪೊಲೀಸರು ಹಿಡಿದರು, ಅದಕ್ಕೇ ಆರು ದಿನ ಊರು ಉರಿಯಿತು ಎಂದು ಓದಿದೆ. ಅಷ್ಟು ಸಣ್ಣ ಕಾರಣಕ್ಕೆ 34 ಜನ ಸಾಯುವುದು ಸಾಧ್ಯವೇ?
— ಇತಿಹಾಸ ವಿದ್ಯಾರ್ಥಿನಿ, ಹಾಸನ

ಉತ್ತರ: ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಅರ್ಧ ಕಥೆ. ಆಗಸ್ಟ್ 11ರ ಸಂಜೆ ಹೈವೇ ಪ್ಯಾಟ್ರೋಲ್‌ನ ಮೋಟಾರ್‌ಸೈಕಲ್ ಪೊಲೀಸರೊಬ್ಬರು 21 ವರ್ಷದ ಮಾರ್ಕೆಟ್ ಫ್ರೈ ಎಂಬ ಕಪ್ಪು ಯುವಕನ ಕಾರು ನಿಲ್ಲಿಸಿದರು. ಅವನ ಮನೆ ಅಲ್ಲೇ ಹತ್ತಿರ. ಸುದ್ದಿ ಕೇಳಿ ಓಡಿಬಂದ ತಾಯಿ ಮೊದಲು ಬೈದದ್ದು ಮಗನನ್ನೇ, ಕುಡಿದದ್ದಕ್ಕೆ. ಆಮೇಲೆ ನೂಕಾಟ, ಲಾಠಿ ಏಟು. ತಾಯಿ, ಇಬ್ಬರು ಮಕ್ಕಳು ಮೂವರನ್ನೂ ಬಂಧಿಸಿದರು. ಸೆಕೆಯ ಸಂಜೆ ಮನೆಯ ಹೊರಗಿದ್ದ ಜನ ಅಷ್ಟರಲ್ಲಿ ಸುತ್ತ ನೆರೆದಿದ್ದರು. ಹೊರಡುವ ಹೊತ್ತಿಗೆ ಪೊಲೀಸರು, ಉಗುಳಿದಳೆಂದು ಒಬ್ಬ ಯುವತಿಯನ್ನೂ ಎಳೆದುಕೊಂಡರು. ಆಕೆ ತೊಟ್ಟಿದ್ದು ಕ್ಷೌರದಂಗಡಿಯವರು ಹಾಕಿಕೊಳ್ಳುವ ಸಡಿಲ ಮೇಲಂಗಿ. ದೂರದಿಂದ ನೋಡಿದವರಿಗೆ ಬಸುರಿಯಂತೆ ಕಂಡಳು. ಬಸುರಿ ಹೆಂಗಸಿಗೆ ಪೊಲೀಸರು ಹೊಡೆದರು ಎಂಬ ಮಾತು ಆ ರಾತ್ರಿಯೇ ಬೀದಿಯಿಂದ ಬೀದಿಗೆ ಹಬ್ಬಿತು.

ಆ ಸುದ್ದಿ ಸುಳ್ಳು. ಆದರೆ ಕೇಳಿದವರಲ್ಲಿ ಯಾರಿಗೂ ಅದನ್ನು ನಂಬಲು ಕಷ್ಟವಾಗಲಿಲ್ಲ, ಯಾಕೆಂದರೆ ಅಂಥದ್ದನ್ನು ಅವರು ಕಣ್ಣಾರೆ ಕಂಡಿದ್ದರು. ನಗರದ ಪೊಲೀಸ್ ಮುಖ್ಯಸ್ಥ ವಿಲಿಯಂ ಪಾರ್ಕರ್ 1950ರಿಂದ ಅಧಿಕಾರದಲ್ಲಿದ್ದವರು. ಗಲಭೆ ನಡೆಯುತ್ತಿರುವಾಗಲೇ ಅವರು ಕಲ್ಲು ತೂರಿದವರನ್ನು ಮೃಗಾಲಯದ ಮಂಗಗಳಿಗೆ ಹೋಲಿಸಿ ಮಾತಾಡಿದರು. ಮನೆಯ ವಿಷಯಕ್ಕೆ ಬಂದರೆ, ಬಾಡಿಗೆ ಕೊಡುವಾಗ, ಮನೆ ಮಾರುವಾಗ ಬಣ್ಣ ನೋಡಬಾರದು ಎಂದು ಕ್ಯಾಲಿಫೋರ್ನಿಯಾ 1963ರಲ್ಲಿ ಮಾಡಿದ್ದ ಕಾನೂನನ್ನು 1964ರ ನವೆಂಬರ್‌ನಲ್ಲಿ ಮತದಾರರೇ ಭಾರಿ ಬಹುಮತದಿಂದ ತೆಗೆದುಹಾಕಿದ್ದರು. ವಾಟ್ಸ್‌ಗೆ ಇದಾಗಿ ವರ್ಷವೂ ತುಂಬಿರಲಿಲ್ಲ. ಅಲ್ಲಿ ಕೆಲಸವಿಲ್ಲದ ಯುವಕರು ಬಹಳ. ಕಾಯಿಲೆ ಬಿದ್ದರೆ ಹತ್ತಿರದಲ್ಲಿ ದೊಡ್ಡ ಆಸ್ಪತ್ರೆಯಿಲ್ಲ, ಬಸ್ ವ್ಯವಸ್ಥೆಯೂ ಸರಿಯಿಲ್ಲ.

ಆರು ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು, ಹತ್ತಿರಹತ್ತಿರ 4,000 ಜನ ಬಂಧನವಾದರು, ಸುಮಾರು 4 ಕೋಟಿ ಡಾಲರ್ ಆಸ್ತಿ ಹಾಳಾಯಿತು. ಕರ್ಫ್ಯೂ ಹಾಕಿದ ಪ್ರದೇಶವೇ 46 ಚದರ ಮೈಲಿ. ಸತ್ತ 34 ಜನರಲ್ಲಿ ಬಹುಪಾಲು ಪೊಲೀಸರ ಮತ್ತು ನ್ಯಾಷನಲ್ ಗಾರ್ಡ್ ಎಂಬ ರಾಜ್ಯದ ಮೀಸಲು ಪಡೆಯ ಸೈನಿಕರ ಗುಂಡಿಗೆ ಬಲಿಯಾದವರು. ವಿಚಾರಣೆಗೆ ಕೂತ ಮೆಕೋನ್ ಆಯೋಗ ಶಾಲೆ, ಕೆಲಸ, ಆಸ್ಪತ್ರೆಯ ಬಗ್ಗೆ ಶಿಫಾರಸು ಮಾಡಿತು, ಪೊಲೀಸರ ವಿಷಯದಲ್ಲಿ ಮೃದುವಾಯಿತು. ಆಸ್ಪತ್ರೆ ತೆರೆದದ್ದು 1972ರಲ್ಲಿ. ಅಷ್ಟರೊಳಗೆ ಲಾಸ್ ಏಂಜಲೀಸ್ ಪೊಲೀಸರು ‘ಸ್ವಾಟ್’ ಎಂಬ ಸಶಸ್ತ್ರ ದಳ ಕಟ್ಟಿಕೊಂಡಿದ್ದರು. ಯಾವುದು ಬೇಗ ಆಯಿತು, ಯಾವುದು ತಡವಾಯಿತು ಎಂಬುದನ್ನು ನಿಮ್ಮ ಟಿಪ್ಪಣಿಯಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನ ಪ್ರತಿಯೊಂದು ಘಟನೆಯಲ್ಲೂ ಇದನ್ನು ಕಾಣುತ್ತೀರಿ.

ಪ್ರಶ್ನೆ: 1967ರ ಡೆಟ್ರಾಯಿಟ್‌ನಲ್ಲಿ 43 ಜನ ಸತ್ತರು. ಜನರೇ ಜನರನ್ನು ಕೊಂದರೇ? ಸೈನ್ಯ ಬಂದ ಮೇಲೂ ಸಾವು ನಿಲ್ಲಲಿಲ್ಲವೇಕೆ?
— ನಿವೃತ್ತ ಸೈನಿಕರು, ಮಡಿಕೇರಿ

ಉತ್ತರ: ಸೈನಿಕರಾಗಿದ್ದ ನಿಮಗೆ ಇದರ ಒಳಗುಟ್ಟು ಬೇಗ ಅರ್ಥವಾಗುತ್ತದೆ. ಇದು ಶಿಸ್ತಿಲ್ಲದ ಗುಂಡಿನ ಕಥೆ.

ಜುಲೈ 23, ಭಾನುವಾರ ನಸುಕಿನಲ್ಲಿ, 12ನೇ ಬೀದಿಯಲ್ಲಿ ಪರವಾನಗಿಯಿಲ್ಲದೆ ನಡೆಯುತ್ತಿದ್ದ ಕುಡಿತದ ಅಡ್ಡೆಯೊಂದರ ಮೇಲೆ ಪೊಲೀಸರು ದಾಳಿ ಮಾಡಿದರು. ಅಲ್ಲಿ ವಿಯೆಟ್ನಾಂನಿಂದ ಮರಳಿದ್ದ ಇಬ್ಬರು ಯೋಧರಿಗಾಗಿ ಔತಣ ನಡೆದಿತ್ತು. ಬೆರಳೆಣಿಕೆಯ ಜನ ಸಿಗುತ್ತಾರೆಂದು ಹೋದವರಿಗೆ ಸಿಕ್ಕಿದ್ದು 80ಕ್ಕೂ ಹೆಚ್ಚು ಮಂದಿ. ಇದ್ದ ವ್ಯಾನ್ ಸಾಲಲಿಲ್ಲ. ಎಲ್ಲರನ್ನೂ ಸಾಗಿಸಲು ಸುಮಾರು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯಲ್ಲಿ ಬೀದಿಯಲ್ಲಿ ಇನ್ನೂರರಷ್ಟು ಜನ ಸೇರಿದರು, ಒಂದು ಬಾಟಲಿ ಹಾರಿ ಪೊಲೀಸ್ ಕಾರಿನ ಗಾಜು ಒಡೆಯಿತು. ಆ ಬೀದಿ ಅಷ್ಟು ಕಿಕ್ಕಿರಿದಿದ್ದಕ್ಕೂ ಕಾರಣವಿದೆ. ಕಪ್ಪು ಜನರ ಹಳೆಯ ಬಡಾವಣೆ ಬ್ಲ್ಯಾಕ್ ಬಾಟಮ್ ಮತ್ತು ಅಂಗಡಿ, ಸಂಗೀತಕ್ಕೆ ಹೆಸರಾಗಿದ್ದ ಹೇಸ್ಟಿಂಗ್ಸ್ ಬೀದಿಯನ್ನು ಹೆದ್ದಾರಿಗಾಗಿ ಕೆಡವಿದ್ದರು. ಅಲ್ಲಿಂದ ಎದ್ದವರಲ್ಲಿ ಅನೇಕರು ಬಂದು ಸೇರಿದ್ದು ಇಲ್ಲಿಗೆ. ಪೊಲೀಸ್ ಪಡೆಯಲ್ಲಿ ಕಪ್ಪು ಜನ ನೂರಕ್ಕೆ ಐದರಷ್ಟು. ನಾಲ್ವರು ಪೊಲೀಸರು ಕೂತ ದೊಡ್ಡ ಕಾರುಗಳು ಹುಡುಗರನ್ನು ಸುಮ್ಮಸುಮ್ಮನೆ ನಿಲ್ಲಿಸಿ ಹೊಡೆಯುವುದಕ್ಕೆ ಕುಖ್ಯಾತವಾಗಿದ್ದವು. ‘ಬಿಗ್ ಫೋರ್’ ಎಂದರೆ ಮಕ್ಕಳೂ ಒಳಗೆ ಓಡುತ್ತಿದ್ದರು.

ಸೈನ್ಯ ತಡವಾಗಿ ಬಂದದ್ದು ರಾಜಕೀಯದಿಂದ. ಗವರ್ನರ್ ಜಾರ್ಜ್ ರಾಮ್ನಿ ರಿಪಬ್ಲಿಕನ್, ಅಧ್ಯಕ್ಷ ಜಾನ್ಸನ್ ಡೆಮಾಕ್ರಾಟ್, ಮುಂದಿನ ವರ್ಷ ಚುನಾವಣೆ. ಪರಿಸ್ಥಿತಿ ಕೈಮೀರಿದೆ, ಇದು ದಂಗೆ ಎಂದು ಗವರ್ನರ್ ಬರೆದುಕೊಡಬೇಕೆಂಬುದು ವಾಷಿಂಗ್ಟನ್ನಿನ ಪಟ್ಟು. ಹಾಗೆ ಬರೆದರೆ ಸುಟ್ಟ ಅಂಗಡಿಗಳಿಗೆ ವಿಮೆ ಕಂಪನಿಗಳು ಹಣ ಕೊಡುವುದಿಲ್ಲವೆಂಬ ಭಯ ಗವರ್ನರ್‌ಗೆ. ಈ ಹಗ್ಗಜಗ್ಗಾಟದಲ್ಲಿ ಸೋಮವಾರ ಮಧ್ಯರಾತ್ರಿಯಾಯಿತು.

ಅಷ್ಟರಲ್ಲಿ ಬೀದಿಯಲ್ಲಿದ್ದದ್ದು ನ್ಯಾಷನಲ್ ಗಾರ್ಡ್. ಹೆಚ್ಚುಕಡಿಮೆ ಎಲ್ಲರೂ ಬಿಳಿಯ ಯುವಕರು, ನಗರದ ಪರಿಚಯವಿಲ್ಲ, ಗಲಭೆ ನಿಭಾಯಿಸುವ ತರಬೇತಿಯಿಲ್ಲ. ಮಹಡಿಯ ಮೇಲಿಂದ ಯಾರೋ ಗುರಿಯಿಟ್ಟು ಹೊಡೆಯುತ್ತಿದ್ದಾರೆಂಬ ವದಂತಿ ಅವರನ್ನು ಕಾಡುತ್ತಿತ್ತು. ತಾವು ಕಾಣಬಾರದೆಂದು ಬೀದಿದೀಪಗಳಿಗೆ ಗುಂಡು ಹೊಡೆದರು. ಕತ್ತಲಾದ ಮೇಲೆ ಒಂದು ತುಕಡಿಯ ಗುಂಡಿನ ಸದ್ದು ಇನ್ನೊಂದಕ್ಕೆ ಶತ್ರುವಿನದೆಂದು ಕೇಳಿಸಿತು. ಮನೆಯೊಂದರಲ್ಲಿ ಯಾರೋ ಸಿಗರೇಟು ಹಚ್ಚಿದ ಬೆಳಕನ್ನು ಬಂದೂಕಿನ ಮಿಂಚೆಂದು ತಿಳಿದು ಗಾರ್ಡ್‌ನವರು ಮೆಷಿನ್‌ಗನ್ ತಿರುಗಿಸಿದರು. ಒಳಗಿದ್ದ ನಾಲ್ಕು ವರ್ಷದ ಹುಡುಗಿ ಸತ್ತಳು. ಆಲ್ಜಿಯರ್ಸ್ ಮೋಟೆಲಿನಲ್ಲೂ ಗುಂಡು ಹಾರಿಸುವವನನ್ನು ಹುಡುಕುತ್ತೇವೆಂದು ನುಗ್ಗಿದ ಪೊಲೀಸರ ದಾಳಿಯಲ್ಲಿ ಮೂವರು ಕಪ್ಪು ಹುಡುಗರ ಹೆಣ ಬಿತ್ತು. ಅಲ್ಲಿ ಯಾವ ಬಂದೂಕೂ ಸಿಗಲಿಲ್ಲ. ಆ ಸಾವುಗಳಿಗಾಗಿ ಯಾವ ಪೊಲೀಸರಿಗೂ ಶಿಕ್ಷೆಯಾಗಲಿಲ್ಲ.

ಕೇಂದ್ರದಿಂದ ಬಂದ ಪ್ಯಾರಾಟ್ರೂಪರ್‌ಗಳ ರೀತಿ ಬೇರೆ. ಅವರಲ್ಲಿ ಕಪ್ಪು ಯೋಧರೂ ಸಾಕಷ್ಟಿದ್ದರು, ಯುದ್ಧ ಕಂಡವರಿದ್ದರು. ಅವರ ಜನರಲ್ ಥ್ರಾಕ್‌ಮಾರ್ಟನ್ ಕೊಟ್ಟ ಮೊದಲ ಆಜ್ಞೆಗಳಲ್ಲಿ ಒಂದು, ಬಂದೂಕಿನಿಂದ ಗುಂಡು ತೆಗೆಯಿರಿ. ಇನ್ನೊಂದು, ಬೀದಿದೀಪ ಹಚ್ಚಿ. ಐದು ದಿನಗಳಲ್ಲಿ 2,700 ಸೈನಿಕರು ಹಾರಿಸಿದ್ದು ಒಟ್ಟು 201 ಗುಂಡು. ಅವರ ಹೊಣೆಯಲ್ಲಿದ್ದ ಭಾಗ ಬೇಗ ತಣ್ಣಗಾಯಿತು. ಅದೇ ಆಜ್ಞೆ ಗಾರ್ಡ್ ತುಕಡಿಗಳಿಗೆ ಸರಿಯಾಗಿ ತಲುಪಲಿಲ್ಲ, ತಲುಪಿದ ಕಡೆಯೂ ಪಾಲನೆಯಾಗಲಿಲ್ಲ. 43 ಸಾವುಗಳಲ್ಲಿ ಪೊಲೀಸರಿಂದಾದವು 20 ಅಥವಾ 21, ಗಾರ್ಡ್‌ನಿಂದ 7ರಿಂದ 9, ಸೈನ್ಯದಿಂದ 1. ಇದು ಸರ್ಕಾರವೇ ನೇಮಿಸಿದ ಆಯೋಗದ ಲೆಕ್ಕ.

ಪ್ರಶ್ನೆ: ಆ ಆಯೋಗವೇ ಕರ್ನರ್ ಆಯೋಗವೇ? ಅದರ ಶಿಫಾರಸುಗಳು ಏನಾದವು?
— ಅಧ್ಯಾಪಕರು, ಧಾರವಾಡ

ಉತ್ತರ: ಹೌದು. ಡೆಟ್ರಾಯಿಟ್ ಇನ್ನೂ ಹೊಗೆಯಾಡುತ್ತಿದ್ದಾಗಲೇ ಜಾನ್ಸನ್ ಇಲಿನಾಯ್ ಗವರ್ನರ್ ಒಟ್ಟೊ ಕರ್ನರ್ ನೇತೃತ್ವದಲ್ಲಿ 11 ಜನರನ್ನು ನೇಮಿಸಿದರು. ಎಲ್ಲರೂ ವ್ಯವಸ್ಥೆಯೊಳಗಿನ ಮರ್ಯಾದಸ್ಥರು, ಅದರಲ್ಲಿ ಇಬ್ಬರು ಕಪ್ಪು ಸದಸ್ಯರು. ಇದರ ಹಿಂದೆ ಕಮ್ಯುನಿಸ್ಟ್ ಪಿತೂರಿ ಇದೆಯೆಂದು ಅವರು ಹೇಳುತ್ತಾರೆಂದು ಬಹಳ ಜನ ಕಾದಿದ್ದರು. 1968ರ ಫೆಬ್ರವರಿ 29ರಂದು ಹೊರಬಂದ ವರದಿ ಪಿತೂರಿ ಇಲ್ಲವೇ ಇಲ್ಲ ಎಂದಿತು. ದೇಶ ಎರಡು ಸಮಾಜಗಳಾಗಿ ಒಡೆಯುತ್ತಿದೆ, ಒಂದು ಕಪ್ಪು, ಒಂದು ಬಿಳಿ, ಬೇರೆಬೇರೆ ಮತ್ತು ಅಸಮಾನ ಎಂದು ನೇರವಾಗಿ ಬರೆಯಿತು. ಕಪ್ಪು ಬಡಾವಣೆಗಳನ್ನು ಕಟ್ಟಿದ್ದು, ಉಳಿಸಿಕೊಂಡಿದ್ದು ಬಿಳಿಯರ ಸಮಾಜವೇ ಎಂದೂ ಹೇಳಿತು.

ಜನರ ದೂರುಗಳನ್ನು ತೂಕದ ಪ್ರಕಾರ ಜೋಡಿಸಿದಾಗ ಮೊದಲ ಸಾಲಿನಲ್ಲಿ ನಿಂತವು ಮೂರು: ಪೊಲೀಸರ ನಡವಳಿಕೆ, ನಿರುದ್ಯೋಗ, ವಸತಿ. ಆಯೋಗ ವಿವರವಾಗಿ ಪರಿಶೀಲಿಸಿದ 24 ಗಲಭೆಗಳಲ್ಲಿ 12ಕ್ಕೆ ಕೊನೆಯ ಕಿಡಿ ಪೊಲೀಸರ ಕ್ರಮವೇ ಆಗಿತ್ತು. ಪೊಲೀಸ್ ಪಡೆಗೆ ಕಪ್ಪು ಜನರನ್ನು ಸೇರಿಸಿ, ದೂರು ಕೇಳಲು ಪೊಲೀಸ್ ಇಲಾಖೆಯಿಂದ ಹೊರಗಿನ ಸಂಸ್ಥೆ ಮಾಡಿ, ಕೆಲಸ ಸೃಷ್ಟಿಸಿ, ಮನೆ ಕಟ್ಟಿಸಿ ಎಂದಿತು. ಪೊಲೀಸರ ಕೈಗೆ ಟ್ಯಾಂಕ್, ಮೆಷಿನ್‌ಗನ್ ಕೊಡಬೇಡಿ ಎಂದು ಎಚ್ಚರಿಸಿತು.

ಜಾನ್ಸನ್ ವರದಿಗೆ ಮುಖ ಕೊಡಲಿಲ್ಲ. ವಿಯೆಟ್ನಾಂ ಯುದ್ಧ ಖಜಾನೆ ಬರಿದು ಮಾಡುತ್ತಿತ್ತು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಗಿ ನೂರಕ್ಕೂ ಹೆಚ್ಚು ಊರುಗಳಲ್ಲಿ ಮತ್ತೆ ಬೆಂಕಿ ಎದ್ದಿತು. ಒಂದು ವಾರದಲ್ಲಿ ವಸತಿ ತಾರತಮ್ಯ ನಿಷೇಧಿಸುವ ಕಾನೂನಿಗೆ ಸಹಿ ಬಿತ್ತು. ಅದು ನಿಜವಾದ ಗಳಿಕೆ. ಜೂನ್‌ನಲ್ಲಿ ಬಂದ ಇನ್ನೊಂದು ಕಾನೂನು ಸ್ಥಳೀಯ ಪೊಲೀಸರಿಗೆ ಕೇಂದ್ರದ ಹಣದ ಬಾಗಿಲು ತೆರೆಯಿತು, ಉಪಕರಣ ಕೊಳ್ಳುವುದಕ್ಕೂ. ಮನೆ, ಕೆಲಸದ ಶಿಫಾರಸುಗಳಿಗೆ ಅಷ್ಟು ಹಣ ಎಂದೂ ಬರಲಿಲ್ಲ.

ಪ್ರಶ್ನೆ: ರಾಡ್ನಿ ಕಿಂಗ್‌ಗೆ ಪೊಲೀಸರು ಹೊಡೆದದ್ದನ್ನು ಇಡೀ ಜಗತ್ತು ವಿಡಿಯೊದಲ್ಲಿ ನೋಡಿತು. ಆದರೂ 1992ರಲ್ಲಿ ಖುಲಾಸೆಯಾಯಿತು. ಅಂಥ ಸಾಕ್ಷ್ಯವನ್ನು ವಕೀಲರು ಹೇಗೆ ಒಡೆದರು? ಕೊರಿಯನ್ನರ ಅಂಗಡಿಗಳ ಮೇಲೇಕೆ ಸಿಟ್ಟು?
— ಯುವ ವಕೀಲರು, ಮೈಸೂರು

ಉತ್ತರ: ಮೊದಲು ವಕೀಲಿಕೆಯ ಭಾಗ. 1991ರ ಮಾರ್ಚ್ 3ರ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಗೆ ಹೊಡೆಯುತ್ತಿದ್ದಾಗ ಎದುರಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ನಿವಾಸಿಯೊಬ್ಬರು ಇದನ್ನು ಚಿತ್ರಿಸಿದರು. 56 ಲಾಠಿ ಏಟು ಎಣಿಕೆಗೆ ಸಿಕ್ಕಿತು. ನಾಲ್ವರು ಪೊಲೀಸರ ಮೇಲೆ ಮೊಕದ್ದಮೆ ಹೂಡಿದರು. ಪ್ರತಿವಾದಿ ವಕೀಲರು ಗೆದ್ದದ್ದು ಮೂರು ಹೆಜ್ಜೆಯಲ್ಲಿ.

ಮೊದಲನೆಯದು ಸ್ಥಳ. ಪ್ರಚಾರ ಅತಿಯಾಗಿದೆ, ಇಲ್ಲಿ ನ್ಯಾಯಯುತ ವಿಚಾರಣೆ ಆಗದು ಎಂದು ವಾದಿಸಿ ಪ್ರಕರಣವನ್ನು ವೆಂಚುರಾ ಕೌಂಟಿಯ ಸಿಮಿ ವ್ಯಾಲಿಗೆ ಒಯ್ದರು. ಅದು ಬಹುಪಾಲು ಬಿಳಿಯರ ಊರು, ಪೊಲೀಸ್ ಕುಟುಂಬಗಳು ಬಹಳವಿದ್ದ ಜಾಗ. ಎರಡನೆಯದು, ಅದರಿಂದಲೇ ಬಂದ ಜ್ಯೂರಿ, ಅಂದರೆ ತೀರ್ಪು ಕೊಡುವ ನಾಗರಿಕರ ಮಂಡಳಿ: ಹತ್ತು ಬಿಳಿಯರು, ಒಬ್ಬ ಲ್ಯಾಟಿನೊ, ಒಬ್ಬ ಏಷ್ಯನ್. ಕಪ್ಪು ಜನರಲ್ಲಿ ಒಬ್ಬರೂ ಇಲ್ಲ. ಮೂರನೆಯದು ವಿಡಿಯೊ. ಅದನ್ನು ಅವರು ಅಡಗಿಸಲಿಲ್ಲ, ಮತ್ತೆ ಮತ್ತೆ ತೋರಿಸಿದರು, ಆದರೆ ನಿಧಾನವಾಗಿ, ಒಂದೊಂದೇ ಫ್ರೇಮ್ ನಿಲ್ಲಿಸಿ. ಟಿವಿಯವರು ಮಸುಕಾಗಿದೆಯೆಂದು ಕತ್ತರಿಸಿದ್ದ ಆರಂಭದ ಕೆಲವು ಸೆಕೆಂಡುಗಳಲ್ಲಿ ಕಿಂಗ್ ಎದ್ದು ಪೊಲೀಸರೊಬ್ಬರ ಕಡೆ ನುಗ್ಗಿದಂತೆ ಕಾಣುತ್ತಿತ್ತು. ಅದನ್ನು ಮುಂದಿಟ್ಟರು. ಪೊಲೀಸ್ ತಜ್ಞರನ್ನು ಕೂರಿಸಿ ಪ್ರತಿ ಫ್ರೇಮಿಗೂ ಇಲ್ಲಿ ಕಾಲು ಮಡಚಿದ್ದಾನೆ, ಇಲ್ಲಿ ಏಳಲು ನೋಡುತ್ತಿದ್ದಾನೆ ಎಂದು ವಿವರಿಸಿದರು. ನಿಜವೇಗದಲ್ಲಿ ನೋಡಿದರೆ ಬಿದ್ದವನಿಗೆ ಬೀಳುವ ಏಟು ಕಾಣುತ್ತದೆ. ತುಂಡು ಮಾಡಿದಾಗ ಏಟಿನ ಸದ್ದೂ ಇಲ್ಲ, ಬಿಡುವಿಲ್ಲದ ಹೊಡೆತದ ಭಾವನೆಯೂ ಇಲ್ಲ. ವಿಡಿಯೊ ಸಾಕ್ಷ್ಯ ಒಯ್ಯುವ ಪ್ರತಿಯೊಬ್ಬ ವಕೀಲರೂ ಇದನ್ನು ತಿಳಿದಿರಬೇಕು. ಅಭಿಯೋಜಕರು ಕಿಂಗ್ ಅವರನ್ನು ಸಾಕ್ಷಿಕಟ್ಟೆಗೆ ಕರೆಯಲೇ ಇಲ್ಲ. ಹಾಗಾಗಿ ಏಟು ತಿಂದ ಮನುಷ್ಯನ ದನಿ ಜ್ಯೂರಿಗೆ ಕೇಳಲಿಲ್ಲ.

ಏಪ್ರಿಲ್ 29ರ ಮಧ್ಯಾಹ್ನ ತೀರ್ಪು ಬಂತು. ಒಬ್ಬರ ಮೇಲಿನ ಒಂದೇ ಆರೋಪದಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ, ಉಳಿದೆಲ್ಲದರಲ್ಲೂ ಖುಲಾಸೆ. ಸಂಜೆ ಫ್ಲಾರೆನ್ಸ್ ಮತ್ತು ನಾರ್ಮಂಡಿ ರಸ್ತೆಗಳ ಕೂಡಿನಲ್ಲಿ ಜನ ಸೇರಿದಾಗ ಪೊಲೀಸರು ಹಿಂದೆ ಸರಿದರು, ಮತ್ತೆ ಗಂಟೆಗಟ್ಟಲೆ ಬರಲಿಲ್ಲ. ಮುಖ್ಯಸ್ಥ ಡ್ಯಾರಿಲ್ ಗೇಟ್ಸ್ ಆ ಹೊತ್ತಿಗೆ ರಾಜಕೀಯ ನಿಧಿ ಸಂಗ್ರಹದ ಸಭೆಯೊಂದರಲ್ಲಿದ್ದರು. ನ್ಯಾಷನಲ್ ಗಾರ್ಡ್ ಸೈನಿಕರು ಬಂದು ಸೇರಿದರೂ ಅವರ ಗುಂಡು ದೂರದ ಶಿಬಿರದಿಂದ ಬರಬೇಕಿತ್ತು, ಅದಕ್ಕೆ ಕಾದರು. 60ಕ್ಕೂ ಹೆಚ್ಚು ಜನ ಸತ್ತರು, ನಷ್ಟ ಸುಮಾರು 100 ಕೋಟಿ ಡಾಲರ್.

ಇನ್ನು ಕೊರಿಯನ್ನರ ವಿಷಯ. ಕಿಂಗ್ ಏಟು ತಿಂದ 13 ದಿನಗಳ ನಂತರ, ಕೊರಿಯನ್ ಅಂಗಡಿಯೊಂದರಲ್ಲಿ 1.79 ಡಾಲರಿನ ಕಿತ್ತಳೆ ರಸದ ಬಾಟಲಿ ಕದ್ದಳೆಂದು 15 ವರ್ಷದ ಲತಾಶಾ ಹಾರ್ಲಿನ್ಸ್ ಎಂಬ ಕಪ್ಪು ಹುಡುಗಿಯನ್ನು ಅಂಗಡಿಯಾಕೆ ತಲೆಯ ಹಿಂಭಾಗಕ್ಕೆ ಗುಂಡಿಟ್ಟು ಕೊಂದಳು. ಸತ್ತಾಗ ಹುಡುಗಿಯ ಕೈಯಲ್ಲಿ ಎರಡು ಡಾಲರ್ ಇತ್ತು. ಜ್ಯೂರಿ ಅಪರಾಧ ಸಾಬೀತೆಂದಿತು. ನ್ಯಾಯಾಧೀಶೆ ಜೈಲು ಶಿಕ್ಷೆ ಕೊಡಲಿಲ್ಲ: ಐದು ವರ್ಷ ಪ್ರೊಬೇಷನ್, 400 ಗಂಟೆ ಸಮುದಾಯ ಸೇವೆ, 500 ಡಾಲರ್ ದಂಡ. ತಮ್ಮ ಜೀವಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ ಎಂದು ಕಪ್ಪು ಜನ ತಿಳಿದದ್ದು ಸಿಮಿ ವ್ಯಾಲಿಯ ತೀರ್ಪಿಗಿಂತ ಮೊದಲೇ. ಆದರೆ ಬೆಂಕಿ ತಪ್ಪಿತಸ್ಥರನ್ನು ಹುಡುಕಿಕೊಂಡು ಹೋಗುವುದಿಲ್ಲ. ಸುಟ್ಟ, ಲೂಟಿಯಾದ ಕೊರಿಯನ್ ಅಂಗಡಿಗಳು ಸುಮಾರು 2,300. ಅವುಗಳಲ್ಲಿ ಬಹುಪಾಲು ಗಂಡ ಹೆಂಡತಿ ಹಗಲು ರಾತ್ರಿ ನಿಂತು ನಡೆಸುತ್ತಿದ್ದ ಸಣ್ಣ ಅಂಗಡಿಗಳು. ಕರೆದರೆ ಪೊಲೀಸರು ಬರಲಿಲ್ಲ. ಅಗ್ಗದ ಪ್ರೀಮಿಯಂ ನಂಬಿ ರಾಜ್ಯದ ಪರವಾನಗಿಯಿಲ್ಲದ ವಿಮೆ ಕಂಪನಿಗಳಲ್ಲಿ ಪಾಲಿಸಿ ಮಾಡಿಸಿದ್ದ ಹಲವರಿಗೆ ಪರಿಹಾರವೂ ಸಿಗಲಿಲ್ಲ. ಈ ಕುಟುಂಬಗಳ ನೋವನ್ನು ಬಿಟ್ಟು 1992ನ್ನು ಹೇಳಬಾರದು.

ನಂತರ ಕೇಂದ್ರ ಸರ್ಕಾರ ನಾಗರಿಕ ಹಕ್ಕುಗಳ ಉಲ್ಲಂಘನೆಯ ಬೇರೆ ಮೊಕದ್ದಮೆ ಹೂಡಿತು. 1993ರಲ್ಲಿ ಇಬ್ಬರಿಗೆ 30 ತಿಂಗಳ ಜೈಲಾಯಿತು. ಇನ್ನೊಂದು ನೆನಪಿಡಿ. 1980ರ ಮಯಾಮಿ ದಂಗೆಯೂ ಏಟಿನ ದಿನ ಎದ್ದದ್ದಲ್ಲ, ತೀರ್ಪಿನ ದಿನ. ಆರ್ಥರ್ ಮ್ಯಾಕ್‌ಡಫಿ ಎಂಬ ವಿಮೆ ಏಜೆಂಟರನ್ನು ಪೊಲೀಸರು ತಲೆ ಒಡೆದು ಕೊಂದು, ಅಪಘಾತವೆಂದು ತೋರಿಸಲು ಅವರ ಮೋಟಾರ್‌ಸೈಕಲ್ ಮೇಲೆ ಕಾರು ಹತ್ತಿಸಿದ್ದರು. ಜನ ಐದು ತಿಂಗಳು ಕೋರ್ಟಿಗಾಗಿ ಕಾದರು. ಟ್ಯಾಂಪಾಕ್ಕೆ ವರ್ಗವಾದ ಮೊಕದ್ದಮೆಯಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ಖುಲಾಸೆ ಮಾಡಿದ ಮೇ 17ರಂದೇ ನಗರ ಸಿಡಿಯಿತು, 18 ಜನ ಸತ್ತರು.

ಪ್ರಶ್ನೆ: ಅಮೆರಿಕದಲ್ಲಿ ತಪ್ಪು ಮಾಡಿದ ಪೊಲೀಸರಿಗೆ ಶಿಕ್ಷೆಯಾಗುವುದು ಅಷ್ಟು ಅಪರೂಪವೇಕೆ? ಕಾನೂನೇ ಇಲ್ಲವೇ?
— ಓದುಗರು, ಬೆಳಗಾವಿ

ಉತ್ತರ: ಕಾನೂನಿದೆ, 1871ರಿಂದಲೇ ಇದೆ. ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್ ಹಾವಳಿಯ ಕಾಲದಲ್ಲಿ ಮಾಡಿದ ಅದರ ಪ್ರಕಾರ, ಹಕ್ಕು ಕಿತ್ತುಕೊಂಡ ಅಧಿಕಾರಿಯ ಮೇಲೆ ಪರಿಹಾರಕ್ಕೆ ದಾವೆ ಹೂಡಬಹುದು. ಆದರೆ ದಾರಿಯಲ್ಲಿ ಸುಪ್ರೀಂ ಕೋರ್ಟೇ ಹಲವು ಅಡ್ಡಗಟ್ಟೆ ಹಾಕಿದೆ. 1967ರಲ್ಲಿ ಮೊಳೆತು 1982ರಲ್ಲಿ ಗಟ್ಟಿಯಾದ ‘ಕ್ವಾಲಿಫೈಡ್ ಇಮ್ಯುನಿಟಿ’ ಎಂಬ ತತ್ವದ ಪ್ರಕಾರ, ಪೊಲೀಸರು ಮಾಡಿದ್ದು ತಪ್ಪೆಂದು ಮೊದಲೇ ಸ್ಪಷ್ಟವಾಗಿ ಇತ್ಯರ್ಥವಾಗಿದ್ದರೆ ಮಾತ್ರ ಅವರು ಹೊಣೆ. ಹೆಚ್ಚಾಗಿ ಕೆಳ ಕೋರ್ಟುಗಳು ಬಹುತೇಕ ಅಂಥದ್ದೇ ಹಳೆಯ ಪ್ರಕರಣ ತೋರಿಸಿ ಎನ್ನುತ್ತವೆ. ವಿವರ ಸ್ವಲ್ಪ ಬೇರೆಯಾದರೂ ದಾವೆ ಬಿದ್ದುಹೋಗಬಹುದು.

ಬಲಪ್ರಯೋಗ ಸರಿಯೋ ತಪ್ಪೋ ಎಂದು ಅಳೆಯುವ ಗಜಕಡ್ಡಿ 1989ರ ಗ್ರಹಾಂ ತೀರ್ಪು. ಷಾರ್ಲಟ್ ನಗರದಲ್ಲಿ ಗ್ರಹಾಂ ಎಂಬ ಸಕ್ಕರೆ ಕಾಯಿಲೆಯ ವ್ಯಕ್ತಿಯೊಬ್ಬರು ಸಕ್ಕರೆ ಇಳಿದು ಕಿತ್ತಳೆ ರಸಕ್ಕೆಂದು ಅಂಗಡಿಗೆ ಓಡಿದರು, ಸಾಲು ಉದ್ದವಿದೆಯೆಂದು ಅಷ್ಟೇ ಬೇಗ ಹೊರಬಂದರು. ಕಳ್ಳನಿರಬೇಕೆಂದು ಪೊಲೀಸರು ಹಿಡಿದರು, ಕಾಲಿನ ಮೂಳೆ ಮುರಿಯಿತು. ಆ ಪ್ರಕರಣದಲ್ಲಿ ಕೋರ್ಟು ಹೇಳಿದ್ದು: ಆ ಕ್ಷಣದಲ್ಲಿ ಅಲ್ಲಿದ್ದ ವಿವೇಕಿ ಪೊಲೀಸರ ಕಣ್ಣಿನಿಂದ ನೋಡಬೇಕು, ಆಮೇಲೆ ತಿಳಿದ ಸಂಗತಿಯಿಂದಲ್ಲ. ‘ನನಗೆ ಜೀವಭಯವಾಯಿತು’ ಎಂಬ ಮಾತಿಗೆ ಜ್ಯೂರಿ ಮುಂದೆ ಅಷ್ಟು ತೂಕ ಬಂದದ್ದು ಇಲ್ಲಿಂದ. ಕೇಂದ್ರದ ಕ್ರಿಮಿನಲ್ ಕಾನೂನಿನಲ್ಲಾದರೆ ಪೊಲೀಸರು ಬೇಕೆಂದೇ ಹಕ್ಕು ಮುರಿದರೆಂದು ಸಾಬೀತಾಗಬೇಕು. ಮೊಕದ್ದಮೆ ಹೂಡಬೇಕಾದ ಜಿಲ್ಲಾ ಅಭಿಯೋಜಕರಿಗೆ ದಿನಬೆಳಗಾದರೆ ಅದೇ ಪೊಲೀಸರ ಸಾಕ್ಷ್ಯ ಬೇಕು. ಪರಿಹಾರ ಕೊಡಬೇಕಾದಾಗ ಹಣ ಸಾಮಾನ್ಯವಾಗಿ ನಗರದ ತೆರಿಗೆಯಿಂದ ಹೋಗುತ್ತದೆ, ಪೊಲೀಸರ ಜೇಬಿನಿಂದಲ್ಲ.

1992ರ ಫಲವಾಗಿ ಬಂದ ಒಂದು ಒಳ್ಳೆಯ ಅಸ್ತ್ರವಿದೆ. 1994ರ ಕಾನೂನಿನ ಪ್ರಕಾರ ಒಬ್ಬ ಪೊಲೀಸರನ್ನಲ್ಲ, ಇಡೀ ಇಲಾಖೆಯ ಅಭ್ಯಾಸವನ್ನೇ ಕೇಂದ್ರ ನ್ಯಾಯ ಇಲಾಖೆ ಕೋರ್ಟಿಗೆ ಎಳೆಯಬಹುದು. ಲಾಸ್ ಏಂಜಲೀಸ್ ಇಲಾಖೆ 2001ರಿಂದ 2013ರವರೆಗೆ ಹೀಗೆ ಕೋರ್ಟಿನ ಕಣ್ಗಾವಲಿನಲ್ಲಿತ್ತು, ಸುಧಾರಿಸಿತು ಕೂಡ. ಆದರೆ ಇದನ್ನು ಬಳಸುವುದು ಬಿಡುವುದು ವಾಷಿಂಗ್ಟನ್ನಿನ ಆಯಾ ಸರ್ಕಾರದ ಇಚ್ಛೆಗೆ ಬಿಟ್ಟದ್ದು.

ಪ್ರಶ್ನೆ: ಬ್ಲ್ಯಾಕ್ ಪ್ಯಾಂಥರ್‌ಗೂ ನಮ್ಮ ದಲಿತ ಚಳವಳಿಗೂ ನಿಜವಾಗಿ ಸಂಬಂಧವಿದೆಯೇ?
— ಓದುಗರು, ಭದ್ರಾವತಿ

ಉತ್ತರ: ಇದೆ, ಮುಂಬಯಿಯ ಮೂಲಕ. 1966ರ ಅಕ್ಟೋಬರ್‌ನಲ್ಲಿ ಓಕ್‌ಲೆಂಡ್‌ನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಮೊದಲ ಕೆಲಸವೇ ಪೊಲೀಸರ ಮೇಲೆ ಕಣ್ಣಿಡುವುದು. ಕಾರಿನಲ್ಲಿ ಪೊಲೀಸರ ಹಿಂದೆ ಹೋಗಿ, ಕಾನೂನು ಹೇಳುವ ದೂರದಲ್ಲಿ ನಿಂತು, ಬಂಧನಕ್ಕೊಳಗಾದವರಿಗೆ ಅವರ ಹಕ್ಕನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕೈಯಲ್ಲಿ ಬಂದೂಕೂ ಇರುತ್ತಿತ್ತು, ಆಗ ಕ್ಯಾಲಿಫೋರ್ನಿಯಾದಲ್ಲಿ ಅದು ಕಾನೂನುಬದ್ಧ. ಮರುವರ್ಷವೇ ಅದನ್ನು ನಿಷೇಧಿಸಿದರು. ಆ ಹೆಸರಿನಿಂದ ಸ್ಫೂರ್ತಿ ಪಡೆದು ನಾಮದೇವ ಢಸಾಳ, ರಾಜಾ ಢಾಲೆ, ಜೆ.ವಿ. ಪವಾರ್ 1972ರಲ್ಲಿ ದಲಿತ ಪ್ಯಾಂಥರ್ ಕಟ್ಟಿದರು. ನಿಮ್ಮೂರಿನ ಪ್ರೊ. ಬಿ. ಕೃಷ್ಣಪ್ಪನವರು ಮುನ್ನಡೆಸಿದ ದಲಿತ ಸಂಘರ್ಷ ಸಮಿತಿಗೆ ಆ ಗಾಳಿ ತಾಗಿದ್ದು ಹೌದಾದರೂ ಅದರ ಬೇರು ಅಂಬೇಡ್ಕರ್ ಚಿಂತನೆಯಲ್ಲಿ ಮತ್ತು 1973ರ ಬೂಸಾ ಪ್ರಕರಣದ ಕಾವಿನಲ್ಲಿದೆ. ಅಂಬೇಡ್ಕರ್ ಅವರೇ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು.

ಪ್ರಶ್ನೆ: ಫರ್ಗುಸನ್ ಪ್ರಕರಣದಲ್ಲಿ ಗುಂಡು ಹೊಡೆದ ಪೊಲೀಸರ ಮೇಲೆ ಕೇಂದ್ರವೂ ಮೊಕದ್ದಮೆ ಹೂಡಲಿಲ್ಲ. ಹಾಗಿದ್ದರೆ ಜನರ ಸಿಟ್ಟು ಆಧಾರವಿಲ್ಲದ್ದೇ?
— ಓದುಗರು, ಕಲಬುರಗಿ

ಉತ್ತರ: ಆಧಾರ ಇತ್ತು. ನ್ಯಾಯ ಇಲಾಖೆ 2015ರ ಮಾರ್ಚ್‌ನಲ್ಲಿ ಎರಡು ವರದಿ ಕೊಟ್ಟಿತು. ಒಂದು, 2014ರಲ್ಲಿ ಗುಂಡಿಗೆ ಬಲಿಯಾದ ಕಪ್ಪು ಹುಡುಗ ಮೈಕಲ್ ಬ್ರೌನ್ ಸಾವಿನಲ್ಲಿ ಆ ಪೊಲೀಸರ ಮೇಲೆ ಮೊಕದ್ದಮೆಗೆ ಸಾಕಷ್ಟು ಸಾಕ್ಷ್ಯವಿಲ್ಲ ಎಂದಿತು. ಇನ್ನೊಂದು, ಇಡೀ ಊರಿನ ಪೊಲೀಸ್ ಮತ್ತು ಕೋರ್ಟಿನ ಲೆಕ್ಕ ತೆಗೆಯಿತು. ಎರಡನ್ನೂ ಒಟ್ಟಿಗೆ ಓದಬೇಕು.

ಫರ್ಗುಸನ್ ಮಿಸೌರಿ ರಾಜ್ಯದಲ್ಲಿರುವ ಸುಮಾರು 21,000 ಜನರ ಊರು. 67 ಶೇಕಡಾ ಕಪ್ಪು ಜನ, 54 ಪೊಲೀಸರಲ್ಲಿ ಕಪ್ಪು ಜನ ನಾಲ್ವರು. ಬಂಧನವಾದವರಲ್ಲಿ 93 ಶೇಕಡಾ ಕಪ್ಪು ಜನ. ನಗರದ ಬೊಕ್ಕಸ ತುಂಬಲು ದಂಡವೇ ದಾರಿ ಎಂದು ಆಡಳಿತ ತೀರ್ಮಾನಿಸಿತ್ತು, ಪೊಲೀಸ್ ಮುಖ್ಯಸ್ಥರಿಗೆ ಗುರಿ ಕೊಡುತ್ತಿತ್ತು. 2010ರಲ್ಲಿ ದಂಡ ಮತ್ತು ಶುಲ್ಕದಿಂದ ಬಂದದ್ದು 13.8 ಲಕ್ಷ ಡಾಲರ್. 2015ರ ಬಜೆಟ್ಟಿನಲ್ಲಿ ಅಂದಾಜು 30.9 ಲಕ್ಷ, ಅಂದರೆ ಆದಾಯದ ಕಾಲುಭಾಗಕ್ಕೆ ಸ್ವಲ್ಪವೇ ಕಡಿಮೆ. ಅಂಗಳದ ಹುಲ್ಲು ಎತ್ತರ ಬೆಳೆದರೆ ದಂಡ, ರಸ್ತೆಯಲ್ಲಿ ನಡೆಯುವ ರೀತಿ ಸರಿಯಿಲ್ಲವೆಂದು ದಂಡ.

ಒಬ್ಬ ಕಪ್ಪು ಮಹಿಳೆಯ ಪ್ರಕರಣ ಆ ವರದಿಯಲ್ಲೇ ಇದೆ. 2007ರಲ್ಲಿ ಒಮ್ಮೆ ಕಾರು ತಪ್ಪಾಗಿ ನಿಲ್ಲಿಸಿದರು. ದಂಡ 151 ಡಾಲರ್, ಮೇಲೆ ಶುಲ್ಕ. ಹಣವಿರಲಿಲ್ಲ, ಕೆಲವೊಮ್ಮೆ ನಿಲ್ಲಲು ಮನೆಯೇ ಇರಲಿಲ್ಲ. ಕಂತು ತಪ್ಪಿದಾಗ, ಕೋರ್ಟಿಗೆ ಬಾರದಾಗ ಪ್ರತಿ ಸಲವೂ ಹೊಸ ಆರೋಪ, ಹೊಸ ಶುಲ್ಕ, ವಾರಂಟ್. ಎರಡು ಸಲ ಬಂಧನ, ಆರು ದಿನ ಜೈಲು. ಮಧ್ಯೆ 25, 50 ಡಾಲರ್ ಕಟ್ಟಲು ಹೋದರೆ ಪೂರ್ತಿ ಕಟ್ಟಿ ಎಂದು ಕೋರ್ಟು ಹಿಂದಿರುಗಿಸಿತು. 2014ರ ಡಿಸೆಂಬರ್ ವೇಳೆಗೆ 550 ಡಾಲರ್ ಕಟ್ಟಿದ್ದರು, ಇನ್ನೂ 541 ಬಾಕಿ ಇತ್ತು. ಆ ಹೊತ್ತಿಗೆ ಫರ್ಗುಸನ್ ಕೋರ್ಟು 16,000ಕ್ಕೂ ಹೆಚ್ಚು ಜನರ ಮೇಲೆ ವಾರಂಟ್ ಬಾಕಿ ಇಟ್ಟಿತ್ತು, ಅಕ್ಕಪಕ್ಕದ ಊರಿನವರೂ ಸೇರಿ. ಹೀಗಿರುವ ಊರಿನಲ್ಲಿ ಆಗಸ್ಟ್ ಬಿಸಿಲಿನ ರಸ್ತೆಯ ಮೇಲೆ 18 ವರ್ಷದ ಹುಡುಗನ ಹೆಣ ನಾಲ್ಕು ಗಂಟೆ ಬಿದ್ದಿತ್ತು. ಸುತ್ತ ನಿಂತವರಲ್ಲಿ ಅನೇಕರು ಆ ಕೋರ್ಟಿನ ಮೆಟ್ಟಿಲು ಹತ್ತಿ ಬಂದವರೇ.

ಪ್ರಶ್ನೆ: ಜಾರ್ಜ್ ಫ್ಲಾಯ್ಡ್ ಪ್ರಕರಣದಲ್ಲಿ ಪೊಲೀಸರಿಗೆ ದೊಡ್ಡ ಶಿಕ್ಷೆಯಾಯಿತು. ಯಾವುದು ಬೇರೆಯಾಗಿತ್ತು?
— ಓದುಗರು, ತುಮಕೂರು

ಉತ್ತರ: 2020ರ ಮೇ 25ರ ಬಗ್ಗೆ ಮಿನಿಯಾಪೊಲಿಸ್ ಪೊಲೀಸರು ಕೊಟ್ಟ ಮೊದಲ ಪ್ರಕಟಣೆಯಲ್ಲಿ, ಪೊಲೀಸರೊಂದಿಗಿನ ವ್ಯವಹಾರದ ವೇಳೆ ವೈದ್ಯಕೀಯ ತೊಂದರೆಯಿಂದ ವ್ಯಕ್ತಿಯ ಸಾವು ಎಂದಿತ್ತು. ಅದನ್ನು ಸುಳ್ಳು ಮಾಡಿದ್ದು 17 ವರ್ಷದ ಡಾರ್ನೆಲ್ಲಾ ಫ್ರೇಜಿಯರ್ ಫೋನಿನಲ್ಲಿ ಹಿಡಿದ ವಿಡಿಯೊ. ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಪೊಲೀಸ್ ಡೆರೆಕ್ ಶಾವಿನ್‌ನ ಮೊಣಕಾಲು ಇದ್ದದ್ದು 9 ನಿಮಿಷ 29 ಸೆಕೆಂಡು. ಕ್ಷಣದ ನಿರ್ಧಾರ ಎನ್ನಲು ಜಾಗವೇ ಇರಲಿಲ್ಲ, ಫ್ರೇಮ್ ತುಂಡು ಮಾಡಿದರೂ ಪ್ರತಿ ಫ್ರೇಮಿನಲ್ಲೂ ಅದೇ ಮೊಣಕಾಲು. ಅಭಿಯೋಜನೆಯ ನೇತೃತ್ವವನ್ನು ರಾಜ್ಯದ ಅಟಾರ್ನಿ ಜನರಲ್ ವಹಿಸಿಕೊಂಡರು. ಪೊಲೀಸ್ ಮುಖ್ಯಸ್ಥರೇ ಸಾಕ್ಷಿಕಟ್ಟೆಗೆ ಬಂದು ಇದು ನಮ್ಮ ತರಬೇತಿಯಲ್ಲ ಎಂದರು. ಶಾವಿನ್‌ಗೆ ಇಪ್ಪತ್ತೆರಡೂವರೆ ವರ್ಷ ಜೈಲಾಯಿತು. ಇಷ್ಟೆಲ್ಲ ಕೂಡಿಬಂದದ್ದರಿಂದ ಇಂಥ ಶಿಕ್ಷೆಯಾಯಿತು ಎಂಬುದನ್ನೂ ಗಮನಿಸಬೇಕು.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ನಾವು ಇಬ್ಬರೂ ಆರು ತಿಂಗಳಿಗೆ ಹೋಗುವವರಿದ್ದೇವೆ. ನಮಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಬೆಳಿಗ್ಗೆ ವಾಕಿಂಗ್ ಹೋದರೆ ಪೊಲೀಸರು ಹಿಡಿಯುತ್ತಾರೆಂದು ಯಾರೋ ಹೆದರಿಸಿದರು. ನಿಜವೇ?
— ಹಿರಿಯ ದಂಪತಿ, ಉಡುಪಿ

ಉತ್ತರ: ಹೆದರಿ ಮನೆಯಲ್ಲೇ ಕೂರಬೇಡಿ, ಆದರೆ ಹೇಳಿದವರು ಕಟ್ಟುಕಥೆ ಹೇಳಿದ್ದಲ್ಲ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಊರಿನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ವ್ಯಕ್ತಿಯೊಬ್ಬರು ಬೆಳಿಗ್ಗೆ ನಡೆಯುತ್ತಿದ್ದರು. ತೆಳ್ಳಗಿನ ಕಪ್ಪು ಮನುಷ್ಯ ಮನೆಗಳ ಹತ್ತಿರ ಸುಳಿಯುತ್ತಿದ್ದಾನೆ ಎಂದು ನೆರೆಯವರು ಫೋನ್ ಮಾಡಿದರು. ಇಂಗ್ಲಿಷ್ ಬರದೆಂದು ಅವರು ಹೇಳಿದರೂ ಪೊಲೀಸರೊಬ್ಬರು ಕೈ ಹಿಂದೆ ಹಿಡಿದು ನೆಲಕ್ಕೆ ಕೆಡವಿದರು, ಬೆನ್ನುಹುರಿಗೆ ಪೆಟ್ಟಾಗಿ ಪಾರ್ಶ್ವವಾಯುವಾಯಿತು. ಎರಡು ಸಲ ಜ್ಯೂರಿಗೆ ಒಮ್ಮತ ಬರಲಿಲ್ಲ, ನ್ಯಾಯಾಧೀಶರು ಪೊಲೀಸರನ್ನು ಖುಲಾಸೆ ಮಾಡಿದರು. 2021ರಲ್ಲಿ 17.5 ಲಕ್ಷ ಡಾಲರ್ ಪರಿಹಾರವಾಯಿತು.

ಹೋಗುವ ಮೊದಲು ಒಂದು ಕಾರ್ಡಿನ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿಕೊಳ್ಳಿ: ನಿಮ್ಮ ಹೆಸರು, ಮಗನ ಹೆಸರು, ಫೋನ್, ಮನೆ ವಿಳಾಸ, ‘ನನಗೆ ಕನ್ನಡ ಮಾತ್ರ ಬರುತ್ತದೆ, ದುಭಾಷಿ ಬೇಕು’. ಅದನ್ನು ಕೊರಳಿಗೆ ಹಾಕಿಕೊಳ್ಳುವ ಚೀಲದಲ್ಲಿಡಿ, ಪ್ಯಾಂಟಿನ ಜೇಬಿನಲ್ಲಿ ಬೇಡ. ಪೊಲೀಸರ ಮುಂದೆ ಜೇಬಿಗೆ ಕೈ ಹಾಕುವುದೇ ಅಪಾಯ. 18 ದಾಟಿದ ವಿದೇಶಿಯರು ನೋಂದಣಿ ದಾಖಲೆ ಜೊತೆಗಿಟ್ಟುಕೊಳ್ಳಬೇಕೆಂದು ಅಲ್ಲಿ ಕಾನೂನಿದೆ. ಐ-94 ಎಂಬ ಪ್ರವೇಶ ದಾಖಲೆಯನ್ನು ಮಗ ಆನ್‌ಲೈನಿನಿಂದ ಮುದ್ರಿಸಿ ಕೊಡಲಿ, ಪಾಸ್‌ಪೋರ್ಟಿನ ಪ್ರತಿಯೂ ಇರಲಿ. ಮೊದಲ ವಾರವೇ ಅಕ್ಕಪಕ್ಕದವರಿಗೆ ಮಗ ನಿಮ್ಮನ್ನು ಪರಿಚಯಿಸಲಿ. ಬೇರೆಯವರ ಅಂಗಳ, ಗ್ಯಾರೇಜ್ ಹತ್ತಿರ ಹೋಗಿ ನೋಡುವುದು ಬೇಡ.

ಪೊಲೀಸರು ಕರೆದರೆ ನಿಂತುಬಿಡಿ, ಬೆನ್ನು ತಿರುಗಿಸಿ ನಡೆಯಬೇಡಿ. ಎರಡೂ ಅಂಗೈ ಕಾಣುವಂತೆ ಇಡಿ. ನಮಸ್ಕಾರ ಮಾಡಲು ಅಥವಾ ಸಮಾಧಾನ ಹೇಳಲು ಹತ್ತಿರ ಹೋಗಬೇಡಿ, ಮೈ ಮುಟ್ಟಬೇಡಿ. ಕಾರಿನಲ್ಲಿದ್ದಾಗ ನಿಲ್ಲಿಸಿದರೆ ನಮ್ಮಲ್ಲಿಯ ಹಾಗೆ ಇಳಿದು ಮಾತಾಡಲು ಹೋಗುವುದು ದೊಡ್ಡ ತಪ್ಪು. ಅಲ್ಲಿ ಅದನ್ನು ಮೇಲೇರಿ ಬಂದರೆಂದೇ ತಿಳಿಯುತ್ತಾರೆ. ಓಡಿಸುವವರ ಕೈ ಸ್ಟಿಯರಿಂಗ್ ಮೇಲೆ, ಪಕ್ಕದವರ ಕೈ ಡ್ಯಾಶ್‌ಬೋರ್ಡ್ ಮೇಲೆ, ರಾತ್ರಿಯಾದರೆ ಒಳಗಿನ ದೀಪ ಹಚ್ಚಿ. ಲೈಸೆನ್ಸ್ ಕೇಳಿದಾಗ, ಎಲ್ಲಿದೆ ಎಂದು ಮೊದಲು ಹೇಳಿ ಆಮೇಲೆ ತೆಗೆಯಬೇಕು. ಕಾರು, ಚೀಲ ಶೋಧಿಸಲು ಅನುಮತಿ ಕೇಳಿದರೆ ಒಪ್ಪಿಗೆಯಿಲ್ಲ ಎಂದು ಹೇಳುವ ಹಕ್ಕಿದೆ, ಶಾಂತವಾಗಿ ಹೇಳಬಹುದು. ಆದರೂ ಶೋಧಿಸಿದರೆ ಅಡ್ಡ ನಿಲ್ಲಬೇಡಿ. ಬಂಧಿಸಿದರೆ ಭಾರತದ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳಿ. ಅದು ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಿಮ್ಮ ಹಕ್ಕು.

ಏನಾದರೂ ಅನ್ಯಾಯವಾಗಿದ್ದರೆ ಜಗಳ ಬೀದಿಯಲ್ಲಿ ಬೇಡ. ಪೊಲೀಸರ ಬ್ಯಾಡ್ಜ್ ಸಂಖ್ಯೆ, ಕಾರಿನ ಸಂಖ್ಯೆ, ಹೊತ್ತು ಅದೇ ದಿನ ಬರೆದಿಡಿ, ಗಾಯವಿದ್ದರೆ ಫೋಟೊ ತೆಗೆದು ಡಾಕ್ಟರಿಗೆ ತೋರಿಸಿ ದಾಖಲೆ ಪಡೆಯಿರಿ. ಪೊಲೀಸರ ಕಾರಿನ ಮತ್ತು ಮೈಮೇಲಿನ ಕ್ಯಾಮೆರಾದ ದೃಶ್ಯ ಉಳಿಸಿಡಿ ಎಂದು ಇಲಾಖೆಗೆ ಲಿಖಿತವಾಗಿ, ಮಗನಿಂದ ಅಥವಾ ವಕೀಲರಿಂದ, ಒಂದೆರಡು ದಿನದೊಳಗೇ ಕೇಳಿಸಿ. ಹಲವು ಇಲಾಖೆಗಳು ನಿಗದಿತ ಅವಧಿ ಮುಗಿದ ಮೇಲೆ ಅವನ್ನು ಅಳಿಸಿಬಿಡುತ್ತವೆ.